ಫುಲ್ ತೋರಿಸಿದ ಮುಳ್ಳು

ಮಂಡಿ ಮೊಹಲ್ಲಾ, ಮೈಸೂರು
14-11-2024

ಪ್ರೀತಿಯ ಮನೋಹರನಿಗೆ ನಿನ್ನ ಬೆಟ್ಟಣ್ಣ ಬರೆಯುವುದು.

ನಾವಿಲ್ಲಿ ಕ್ಷೇಮ. ನಿಮ್ಮಕ್ಕ ಪುಟ್ಟಲಿಂಗಮ್ಮನವರ ಕಣ್ಣಿನ ಆಪರೇಷನ್ ಸಲೀಸಾಗಿ ಆಯಿತೆಂದು ನಿನ್ನ ಮೆಸೇಜ್ ನೋಡಿ ಸಮಾಧಾನವಾಯಿತು. ಭಾನುವಾರದಿಂದ ಆರು ಸಲ ಫೋನ್ ಮಾಡಿದ್ದೀಯ, ನಾನು ಎತ್ತಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಇಪ್ಪತ್ತಾರು ವರ್ಷ ನನ್ನ ಜೊತೆ ಒಂದೇ ಮೆಕ್ಯಾನಿಕ್ ಅಂಗಡಿಯಲ್ಲಿ ಕೆಲಸ ಮಾಡಿದವನು ನೀನು, ದನಿ ಕೇಳಿದ ಕೂಡಲೇ ಏನೋ ಆಗಿದೆ ಎಂದು ಹಿಡಿದುಬಿಡುತ್ತೀಯ. ಅದಕ್ಕೇ ಈ ಕಾಗದ.

ಕುವೆಂಪುನಗರದ ಸಿದ್ದಮಲ್ಲಪ್ಪ ಮೇಷ್ಟ್ರ ಹಳೇ ಫಿಯಟ್ ಬಂದಿತ್ತಲ್ಲ, ಪೆಟ್ರೋಲ್ ಮುಳ್ಳು ಮೇಲೇಳದೆ ಮಲಗಿತ್ತಲ್ಲ, ಅದರ ವಿಷಯ. ಶನಿವಾರ ನೀನು ಊರಿನ ಬಸ್ಸು ಹತ್ತಿದ ಮೇಲೆ ನಾನೊಬ್ಬನೇ ಕೂತೆ. ಎಂದಿನಂತೆ ಪರೀಕ್ಷೆಗೆಂದು ಡಿಕ್ಕಿಯಲ್ಲಿ ಟ್ಯಾಂಕಿನ ವೈರಿಗೆ ನಮ್ಮ ಕ್ಲಿಪ್ ವೈರು ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಾರಿನ ತಗಡಿಗೆ ಕಚ್ಚಿಸಿದೆ. ಮುಳ್ಳು ಫುಲ್‌ಗೆ ಏರಿತು. ಮೀಟರ್ ಸರಿಯಿದೆ, ತಕರಾರು ಟ್ಯಾಂಕಿನೊಳಗೆ ಪೆಟ್ರೋಲ್ ಮೇಲೆ ತೇಲುವ ಬುರುಡೆಯದು. ತೆಗೆದರೆ ಬುರುಡೆ ತೂತಾಗಿ, ಪೆಟ್ರೋಲ್ ಕುಡಿದು ಮುಳುಗಿ ಕೂತಿತ್ತು. ಬೇರೆ ಹಾಕಿ, ಇದ್ದ ಆರು ಲೀಟರ್ ಪೆಟ್ರೋಲನ್ನೇ ವಾಪಸ್ ಸುರಿದೆ.

ಭಾನುವಾರ ಎರಡು ಗಂಟೆಗೆ ಮೇಷ್ಟ್ರು ಹೆಂಡತಿಯ ಜೊತೆ ಬಂದರು. ಗೂಡಲೂರಿನಲ್ಲಿ ನೆಂಟರ ಮದುವೆಯಂತೆ. "ಬೇಗ ಕೊಡಿ ಬೆಟ್ಟಯ್ಯ, ಕತ್ತಲಾಗೋದ್ರೊಳಗೆ ಕಾಡು ದಾಟ್ಬೇಕು" ಎಂದರು ಶಾಂತಾದೇವಿಯವರು. ಕೀ ತಿರುಗಿಸಿ ಮುಳ್ಳು ನೋಡಬೇಕಿತ್ತು. ನೋಡದೆ ಕೊಟ್ಟುಬಿಟ್ಟೆ.

ನಾಲ್ಕು ಗಂಟೆಗೆ ಬೇರೆ ಗಾಡಿಗೆ ಬೇಕೆಂದು ಗೋಡೆಯ ಮೊಳೆಗೆ ಕೈ ಹಾಕಿದರೆ, ಅಲ್ಲಿ ನೇತುಹಾಕುವ ಕ್ಲಿಪ್ ವೈರು ಇಲ್ಲ. ಮನೋಹರ, ಅದನ್ನು ಬಿಚ್ಚಿಯೇ ಇರಲಿಲ್ಲ. ವೈರು ಇನ್ನೂ ಆ ಡಿಕ್ಕಿಯಲ್ಲೇ ಇತ್ತು. ಟ್ಯಾಂಕು ಒಣಗಿದರೂ ಅವರ ಕಣ್ಣಿಗೆ ಮುಳ್ಳು ಫುಲ್ ಎಂದೇ ಕಾಣುತ್ತದೆ. ಆರು ಲೀಟರ್ ಬಂಡೀಪುರದ ಕಾಡಿನ ನಡುವೆಯೇ ಮುಗಿಯುತ್ತದೆ. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಕ್ಯಾನಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಬೈಕ್ ಹತ್ತಿದೆ. ನಂಜನಗೂಡು ದಾಟುವಾಗ ಎದುರಿಗೆ ಒಂದು ಆಂಬುಲೆನ್ಸ್ ಬಂತು, ಅದರಲ್ಲಿ ಅವರೇ ಇದ್ದಾರೆ ಎನ್ನಿಸಿತು.

ಅವರು ಸಿಕ್ಕಾಗ ಹೊತ್ತು ಮುಳುಗುತ್ತಿತ್ತು. ಕಾರು ರಸ್ತೆ ಬದಿಗೆ ನಿಂತಿದೆ, ಗಾಜುಗಳೆಲ್ಲ ಮೇಲೇರಿವೆ, ಪಕ್ಕದಲ್ಲೇ ಮರಿಯಾನೆಯ ಜೊತೆ ತಾಯಿ. ಆನೆ ಇದ್ದುದರಿಂದ ಯಾವ ಗಾಡಿಯೂ ನಿಲ್ಲಲಿಲ್ಲವಂತೆ. ನಾನು ದೂರದಲ್ಲೇ ಬೈಕ್ ಆಫ್ ಮಾಡಿದೆ. ಶಾಂತಾದೇವಿಯವರು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಕಾಣುತ್ತಿತ್ತು. ಆನೆ ಒಮ್ಮೆ ಕಾರಿಗೆ ತಲೆ ಕೊಟ್ಟು ತಳ್ಳಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆಯುವಷ್ಟರಲ್ಲಿ ಅದು ಮರಿಯನ್ನು ಕರೆದುಕೊಂಡು ಪೊದೆಗೆ ಇಳಿದಿತ್ತು.

ಪೆಟ್ರೋಲ್ ಸುರಿಯುವಾಗ ಅರ್ಧ ನೆಲಕ್ಕೇ ಹೋಯಿತು. ಮುಳ್ಳು ಫುಲ್ ಇದ್ದದ್ದು ನೋಡಿ, ತಮ್ಮ ಮೊಮ್ಮಗಳು ಅನನ್ಯ ಮೊದಲೇ ಟ್ಯಾಂಕು ತುಂಬಿಸಿರಬೇಕು ಎಂದುಕೊಂಡು ಬಂಕಿನಲ್ಲಿ ನಿಲ್ಲಿಸಲಿಲ್ಲವಂತೆ. ಡಿಕ್ಕಿಯಲ್ಲಿ ಕ್ಲಿಪ್ ಕಂಡದ್ದೇ ಮೇಷ್ಟ್ರು ಕೂಗಾಡಿದರು: "ಯಾರ್ರೀ ಇದನ್ನ ಬಿಟ್ಟೋನು? ಇವಳು ಹಾರ್ಟ್ ಪೇಷಂಟ್ ಕಣ್ರೀ! ಏನಾದ್ರೂ ಆಗಿದ್ರೆ?" ಬಾಯಿಗೆ ಬಂದದ್ದು ಏನೋ ಹೇಳಿದೆ.

ಇಬ್ಬರೂ ಸುರಕ್ಷಿತವಾಗಿ ಮನೆಗೆ ಬಂದಿದ್ದಾರೆ. ನನ್ನ ಭಯ ಮಾತ್ರ ಹೋಗಿಲ್ಲ. ಮುಗಿಸಿದ ಕೆಲಸವನ್ನೇ ಮೂರು ಸಲ ಬಿಚ್ಚಿ ನೋಡುತ್ತೇನೆ. ಬಾಗಿಲಲ್ಲಿ ಯಾರು ಬಂದರೂ ಮೇಷ್ಟ್ರೇ ಎಂದುಕೊಂಡು ಎದ್ದು ನಿಲ್ಲುತ್ತೇನೆ.

ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಹೊಗೆಯ ಹತ್ತಿರ ಬಿಡಬೇಡ. ಮಾದಪ್ಪ ಸ್ವಾಮಿ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ
ಬೆಟ್ಟಣ್ಣ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗಲಿಲ್ಲ. ಮೇಷ್ಟ್ರು ಕೇಳಿದಾಗ "ಮನೋಹರ, ಸಾರ್" ಎಂದುಬಿಟ್ಟೆ. ಅರವತ್ನಾಲ್ಕರ ಮುದುಕ ಮರೆತ ಎಂದು ಗೊತ್ತಾದರೆ ಇನ್ನು ಯಾರು ನನ್ನ ಹತ್ತಿರ ಕಾರು ಬಿಡುತ್ತಾರೆ? ಈಗ ಬೀದಿಗೆಲ್ಲ ಸುದ್ದಿಯಾಗಿದೆ. ನಿನ್ನೆ ಒಬ್ಬ ಗಿರಾಕಿ, "ಅವನ ಕೈಗೆ ಮಾತ್ರ ಕೊಡ್ಬೇಡಿ" ಎಂದ. ನಾನು "ಆಯ್ತು" ಎಂದೆ. ಅವತ್ತು ನೀನು ಮೈಸೂರಿನಲ್ಲೇ ಇರಲಿಲ್ಲವೆಂದು ಯಾರಿಗೂ ಹೇಳಿಲ್ಲ. ಸೋಮವಾರ ನೀನು ಬರುವುದರೊಳಗೆ ಮೇಷ್ಟ್ರ ಮನೆಗೆ ಹೋಗಿ ನಿಜ ಹೇಳುತ್ತೇನೆ ಎಂದು ಇಲ್ಲಿ ಎರಡು ಸಲ ಬರೆದೆ, ಎರಡು ಸಲವೂ ಹೊಡೆದುಹಾಕಿದೆ.