ಸುಮಂಗಲಾಳ ಕೊನೆಯ ಬಾಟಲಿ

ಚನ್ನಪಟ್ಟಣ, ನವೆಂಬರ್ 12, ಬುಧವಾರ

ತಂಗಿ ಸುಮಂಗಲಾ ತೀರಿಕೊಂಡು ಎರಡು ತಿಂಗಳು. ರೇಷ್ಮೆ ನೂಲಿನ ಗೋಂದು ಬಿಡಿಸಲು ಅವಳು ಲ್ಯಾಬಿನಲ್ಲಿ ಮಾಡಿದ್ದ ಕಿಣ್ವದ ಕೊನೆಯ ಬಾಟಲಿಯನ್ನು ಅವಳ ಜೊತೆ ಕೆಲಸ ಮಾಡುತ್ತಿದ್ದ ಸ್ಪಂದನಾ ಮೊನ್ನೆ ತಂದುಕೊಟ್ಟಳು. ಹೇಗೆ ಬಳಸಬೇಕೆಂದೂ ಹೇಳಿದಳು. ಅಳುವಿನಲ್ಲಿ ಒಂದೂ ತಲೆಗೆ ಹೋಗಲಿಲ್ಲ. ಇಂದು, ನೂಲು ಬೇಯಿಸಲು ದಿನವೂ ಸೋಡಾ ಹಾಕುವ ಹಾಗೆಯೇ, ಕುದಿಯುವ ನೀರಿಗೆ ಸುರಿದೆ. ನೂಲು ಒರಟಾಗಿಯೇ ಉಳಿಯಿತು.

ಸಂಜೆ ಸ್ಪಂದನಾ ಫೋನ್ ಮಾಡಿದಾಗ ಹೇಳಿದೆ.

“ಕುದಿಸಿಬಿಟ್ರಾ ಅಕ್ಕಾ? ಕುದಿಸಿದ್ರೆ ಅದು ಸತ್ತೋಗುತ್ತೆ. ಬೆಚ್ಚಗಿನ ನೀರೇ ಸಾಕಿತ್ತು.”

ನನ್ನ ಕೈ ಕುದಿನೀರಿನಲ್ಲಿ ಬೇಯಬಾರದೆಂದು ತಂಗಿ ಹದಿನಾಲ್ಕು ವರ್ಷ ದುಡಿದಳು. ನನ್ನ ಕೈಗೆ ಕುದಿನೀರು ಬಿಟ್ಟು ಬೇರೆ ಗೊತ್ತಿರಲಿಲ್ಲ.

ಲ್ಯಾಬಿನ ದಾಖಲೆಯಲ್ಲಿ ಏನು ಬರೆದುಕೊಳ್ಳಲಿ ಎಂದು ಸ್ಪಂದನಾ ಕೇಳಿದಳು.

“ಅವ್ಳುದು ಕೆಲ್ಸ ಮಾಡ್ಲಿಲ್ಲ ಅಂತ ಬರೀಬ್ಯಾಡ ಕಣವ್ವ. ಅಕ್ಕ ಕುದಿಸ್ಬುಟ್ಲು ಅಂತ್ಲೇ ಬರಿ.”