ಎರಡು ಅಡಿ ತಗ್ಗು

೨೭ ಮಾರ್ಚ್ ೧೯೯೪, ಭಾನುವಾರ

ಇವತ್ತೂ ವ್ಯಾನು ಬಂತು. ಒಂಬತ್ತಕ್ಕೆ ಅಂದವರು ಹನ್ನೊಂದಕ್ಕೆ. ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರು ಹದಿನೆಂಟು ಜನ, ಎಲ್ಲರ ತಲೆ ಮೇಲೂ ಹಳದಿ ಟೋಪಿ. ಸಾಲಾಗಿ ನಿಂತು ಇಟ್ಟಿಗೆ ಕೈಯಿಂದ ಕೈಗೆ ಸಾಗಿಸಿದರು. ಮಧ್ಯೆ ಮಧ್ಯೆ ಹಾಡು. ನಾವು ಹೆಂಗಸರು ತಲೆ ಮೇಲೆ ಹೊತ್ತಿದ್ದರೆ ಅರ್ಧ ಗಂಟೆಯ ಕೆಲಸ. ಆಮೇಲೆ ಫೋಟೋ. ಹಿಂದೆ ಮಾಕಳಿದುರ್ಗ ಕಾಣಬೇಕಂತೆ. ನನ್ನನ್ನು ಮಧ್ಯೆ ನಿಲ್ಲಿಸಿ "ಸ್ವಲ್ಪ ನಗಿ ಅಮ್ಮ" ಅಂದ ಒಬ್ಬ. ನನಗೆ ಮೂವತ್ನಾಲ್ಕು. ನಗಲಿಲ್ಲ.

ಮೂರು ಗಂಟೆಗೆ ಎಲ್ಲ ಅದೇ ದುರ್ಗ ಹತ್ತೋಕೆ ಹೊರಟರು. ಕಲಸಿಟ್ಟ ಗಾರೆ ಹಾಗೇ ಬಿದ್ದಿತ್ತು. ನಾನೂ ಪಿಳ್ಳಣ್ಣ ಮೇಸ್ತ್ರಿಯೂ ಮುಗಿಸಿದೆವು.

ರಾಜಘಟ್ಟದ ರಸ್ತೆಯಲ್ಲಿ ಇಪ್ಪತ್ತು ಮನೆ. ಸಂಘದವರು ಕಟ್ಟಿಸಿಕೊಡುವುದು, ನಾವು ವಾರಕ್ಕೆ ಎರಡು ದಿನ ಮೈಗೆಲಸ ಮಾಡುವುದು. ನಮ್ಮದು ಏಳನೇ ನಂಬರು. ಎಂಟು ಮುನಿತಾಯಮ್ಮನದು. ಹಸು ಕಟ್ಟಿ ಹಾಲು ಮಾರುವವಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಇನ್ನು ಜೀವಮಾನವಿಡೀ ಅವಳ ಕೆಮ್ಮು ಕೇಳಬೇಕು.

೩೦ ಮಾರ್ಚ್

ಮನಸ್ಸು ತಡೀಲಿಲ್ಲ. ಟೇಪು ತಗೊಂಡು ಹೋಗಿ ಅಳೆದೆ. ನೆಲ ಬರೋ ಮಟ್ಟದಿಂದ ಮಾಡಿನ ಮೋಲ್ಡ್‌ಗೆ ಎಂಟು ಅಡಿ. ಇನ್ನೊಮ್ಮೆ ಅಳೆದೆ. ಎಂಟೇ.

ನನ್ನ ಮಗ್ಗಕ್ಕೆ ಹತ್ತು ಬೇಕು. ಮೇಲೆ ಜಕಾರ್ಡ್ ಪೆಟ್ಟಿಗೆ ಕೂರಬೇಕು, ಅದರ ಮೇಲೆ ಕೈಯಾಡಬೇಕು. ಅದಿಲ್ಲದಿದ್ದರೆ ಸೆರಗಿಗೆ ಹೂವಿಲ್ಲ, ಬುಟ್ಟಾ ಇಲ್ಲ. ಬರೀ ಪ್ಲೇನ್ ಸೀರೆ ಪವರ್‌ಲೂಮಿನಲ್ಲಿ ದಿನಕ್ಕೆ ಮೂರು ಬೀಳುತ್ತೆ, ನನ್ನ ಕೈಯದನ್ನು ಯಾರು ಕೇಳ್ತಾರೆ?

ಇವರಿಗೆ ಹೇಳಿದೆ. ಪವರ್‌ಲೂಮ್ ಶೆಡ್ಡಿನಿಂದ ಬಂದು ಕಿವಿಯ ಹತ್ತಿ ತೆಗೆಯುತ್ತಿದ್ದರು. "ಮೊದಲು ಮನೆ ಅಂತ ಒಂದಾಗ್ಲಿ ಕಣೇ" ಅಂದರು. ಕೋದಂಡರಾಮಯ್ಯ ಅಂತ ಹೆಸರು. ಕೋದಂಡ ಯಾವತ್ತು ಎತ್ತಿದ್ದಾರೋ ನಾನಂತೂ ಕಾಣೆ.

೩ ಏಪ್ರಿಲ್, ಭಾನುವಾರ

ಸ್ನೇಹ ಮೇಡಂ ಹತ್ತಿರ ಕೇಳಿದೆ. ಸಂಘದ ಕಡೆಯಿಂದ ಇಲ್ಲಿಗೆ ಅವಳೇ ಯಜಮಾನಿ. ಇಪ್ಪತ್ತಾರು ವರ್ಷ ಇರಬಹುದು.

"ಇದು ವಾಸದ ಮನೆ ಅಮ್ಮ. ಮಗ್ಗಕ್ಕೆ ಆಮೇಲೆ ಕಾಮನ್ ಶೆಡ್ ಮಾಡೋಣ."

"ಆಮೇಲೆ ಅಂದ್ರೆ ಯಾವಾಗ ಮೇಡಂ?"

"ಸೆಕೆಂಡ್ ಫೇಸಲ್ಲಿ. ಎಲ್ಲರದ್ದೂ ಒಂದೇ ಪ್ಲಾನ್, ಒಬ್ರಿಗೆ ಬದಲಾಯಿಸಿದ್ರೆ ಎಲ್ರೂ ಕೇಳ್ತಾರೆ. ನಿಮ್ಮೆಜಮಾನ್ರು ಸೈನ್ ಮಾಡಿದಾರಲ್ಲ."

ಮಾಡಿದ್ದಾರೆ. ಓದದೆ. ಪ್ಲಾನ್ ಬದಲಿಸಿದರೆ ಮನೆ ವಾಪಸ್ ಅಂತ ಅದರಲ್ಲೇ ಇದೆ.

"ನೀವು ಮಲಗೋ ಜಾಗದಲ್ಲಿ ಮೆಷಿನ್ ಯಾಕೆ, ಧೂಳು, ಹೆಲ್ತ್ ಹಾಳಾಗುತ್ತೆ" ಅಂದಳು. ಪ್ರೀತಿಯಿಂದಲೇ ಅಂದಳು. ಮೈ ಉರಿದುಹೋಯಿತು. ನಾನು ಹುಟ್ಟಿದ್ದೇ ಮಗ್ಗದ ಪಕ್ಕದಲ್ಲಿ.

೬ ಏಪ್ರಿಲ್

ಮಾಡು ಎತ್ತೋಕಾಗಲ್ಲ. ನೆಲ ಇಳಿಸಬಹುದಲ್ಲ?

ಹೊಳೆದದ್ದು ಮಧ್ಯಾಹ್ನ, ಮಣ್ಣು ಹೊರುವಾಗ. ಪಾಯದ ಗೋಡೆ ಎರಡಡಿ ಮೇಲಿದೆ, ಅದರೊಳಗೆ ಮಣ್ಣು ತುಂಬಿ ದಿಮ್ಮಸು ಹಾಕಿದ ಮೇಲೇ ನೆಲ ಆಗೋದು. ಮುಂದಿನ ಕೋಣೆಗೆ ತುಂಬದೇ ಬಿಟ್ಟರೆ? ಎಂಟಕ್ಕೆ ಎರಡು ಸೇರಿ ಹತ್ತು.

ಪಿಳ್ಳಣ್ಣನನ್ನು ಕೇಳಿದೆ. ಬೀಡಿ ಆರಿಸಿ ಕಿವಿ ಮೇಲಿಟ್ಟುಕೊಂಡ. "ಮನೇಗೇನೂ ಆಗಲ್ಲ ಕಣಮ್ಮ. ಒಳೀಕೆ ಎರಡು ಮೆಟ್ಲು ಇಳೀಬೇಕು, ಅಷ್ಟೆಯ. ಆದ್ರೆ ನಾನು ನೋಡಿಲ್ಲ, ನೀನು ಹೇಳಿಲ್ಲ."

ಇವತ್ತು ನನ್ನ ಪಾಲಿನ ಮಣ್ಣೆಲ್ಲ ಹಿಂದಿನ ಕೋಣೆಗೇ ಹೊತ್ತು ಹಾಕಿದೆ. ಬೆನ್ನು ಮುರಿಯಿತು. ಸಂತೋಷವಾಗಿದೆ.

೧೭ ಏಪ್ರಿಲ್, ಭಾನುವಾರ

ಮುನಿತಾಯಮ್ಮ ಇಣುಕಿದಳು. ಬಾಂಡ್ಲಿ ಕೇಳೋ ನೆಪ.

"ಇದ್ಯಾಕಮ್ಮಿ ಹಿಂಗೆ ಹಳ್ಳ ಬುಟ್ಟಿದೀಯ? ಎಲ್ರದೂ ತುಂಬವ್ರೆ."

"ಆಮೇಲೆ ತುಂಬ್ತೀವಿ."

"ಮಗ್ಗ ಮಡಗಕ್ಕೇ ತಾನೆ? ನನ್ ಮಗ ಕೆಂಪರಾಜು ಫ್ಯಾಕ್ಟ್ರೀಲಿ ರಾತ್ರಿ ಪಾಳಿ. ಹಗಲೊತ್ತು ಮಲೀಕಬೇಕು. ಗೋಡೆ ಒಂದೇಯ."

"ನೀವು ಹಿತ್ತಲಲ್ಲಿ ಕೊಟ್ಟಿಗೆಗೆ ಕಂಬ ನೆಟ್ಟಿದೀರಲ್ಲ, ಗಂಜಲದ ನಾತ ನಮ್ಮನೆಗೇ ಬರುತ್ತೆ, ಅದು?"

ಬಾಂಡ್ಲಿ ಬಿಟ್ಟು ಹೋದಳು. ಇವಳ ಬಾಯಿ ಮುಚ್ಚಿಸೋರು ಯಾರು.

೮ ಮೇ

ಮೂರು ವಾರ ಬರೆಯಲಿಲ್ಲ. ಮಗ್ಗದ ಮೇಲೆ ಮದುವೆ ಸೀರೆಯ ಹಾಸು ಇತ್ತು. ನಿನ್ನೆ ನೇಯ್ದು ಮುಗಿಸಿ ಕೊಯ್ದೆ.

ಈ ಬಾಡಿಗೆ ಮನೆಯ ಓನರ್ ಬಂದಿದ್ದ. ಮೇ ಮೂವತ್ತೊಂದಕ್ಕೆ ಖಾಲಿ ಮಾಡಲೇಬೇಕು, ಇಲ್ಲಿ ಆರು ಪವರ್‌ಲೂಮ್ ಹಾಕ್ತಾನಂತೆ. "ನಿಮಗೂ ಕೆಲಸ ಕೊಡ್ತೀನಿ ಬನಶಂಕರಿ, ಕಂಡಿಕೆ ಸುತ್ತೋಕೆ" ಅಂದ. ದೊಡ್ಡ ಉಪಕಾರ ಮಾಡಿದ ಹಾಗೆ. ಅಪ್ಪ ಕೊಟ್ಟ ಮಗ್ಗ ಬಿಚ್ಚಿ ಸೌದೆಗೆ ಹಾಕಿ, ನಾನು ನೇಯ್ದ ಜಾಗದಲ್ಲೇ ಇವನಿಗೆ ನೂಲು ಸುತ್ತಿಕೊಡಬೇಕು. ಸತ್ತರೂ ಇಲ್ಲ.

ಇಪ್ಪತ್ತೆರಡಕ್ಕೆ ಬೀಗದ ಕೈ ಕೊಡೋ ಫಂಕ್ಷನ್. ಪಿಳ್ಳಣ್ಣ ಹದಿನೆಂಟಕ್ಕೆ ನೆಲಕ್ಕೆ ಸಿಮೆಂಟ್ ಹಾಕ್ತಾನೆ. ತಗ್ಗಿನಲ್ಲೇ. ಅಲ್ಲಿವರೆಗೆ ಯಾರೂ ಒಳಗೆ ಹೋಗದಿದ್ದರೆ ಸಾಕು.

೧೫ ಮೇ, ಭಾನುವಾರ, ಸಂಜೆ

ಬಂದವಳೇ ಬರೆಯೋಕೆ ಕೂತೆ.

ಇಲ್ಲೇ ಹತ್ತಿರದ ಮಧುರೆಗೆ ಹೋಗಿದ್ದೆವು, ಅಕ್ಕನ ಮಗಳ ಸೀಮಂತ. ಐದು ಗಂಟೆಗೆ ಬಸ್ಸಿಳಿದು ನೇರ ಲೇಔಟಿಗೆ ಬಂದೆ. ಏಳನೇ ನಂಬರ್ ಬಾಗಿಲಿಗೆ ಬಲೂನು. ಹಳದಿ ಟೋಪಿಗಳೆಲ್ಲ ಚಪ್ಪಾಳೆ ಹೊಡೆದವು.

"ಸರ್ಪ್ರೈಸ್ ಅಮ್ಮ" ಅಂದಳು ಸ್ನೇಹ ಮೇಡಂ. ಕೆನ್ನೆಗೆಲ್ಲ ಮಣ್ಣು ಮೆತ್ತಿತ್ತು. "ನಿಮ್ಮದೊಂದೇ ಉಳಿದಿತ್ತಂತೆ, ಬೆನ್ನು ನೋವು, ಪಾಪ ತುಂಬೋಕಾಗ್ತಿಲ್ಲ ಅಂತ ಮುನಿತಾಯಮ್ಮ ಹೇಳಿದ್ರು. ಎರಡು ಟ್ರ್ಯಾಕ್ಟರ್ ಮಣ್ಣು. ಎಲ್ಲಾ ಇವ್ರೇ ಹೊತ್ರು."

ತುಂಬಿ, ನೀರು ಹಾಕಿ, ದಿಮ್ಮಸು ಹೊಡೆದು, ಮಟ್ಟ ಮಾಡಿ, ಮೇಲೆ ರಂಗೋಲಿ. ವೆಲ್‌ಕಮ್ ಅಂತ. ಒಂದು ಹುಡುಗಿ ಅಂಗೈ ತೋರಿಸಿದಳು, ಬೊಕ್ಕೆ ಎದ್ದಿತ್ತು. ಅವಳಿಗೆ ಥ್ಯಾಂಕ್ಸ್ ಹೇಳಬೇಕಿತ್ತೋ ಏನೋ.

"ಯಾರನ್ನ ಕೇಳಿ ತುಂಬಿದ್ರಿ?" ಅಂದೆ.

ಚಪ್ಪಾಳೆ ನಿಂತಿತು. ಮೇಡಂ ಮುಖ ಸಣ್ಣಗಾಯಿತು. ಇವರು ಮಧ್ಯೆ ಬಂದು "ಬಿಸಿಲಲ್ಲಿ ಬಂದಿದಾಳೆ ಮೇಡಂ, ಬೇಜಾರ್ ಮಾಡ್ಕೋಬೇಡಿ" ಅಂತ ನನ್ನ ಪರವಾಗಿ ಕೈ ಮುಗಿದರು. ಅವರ ಮೇಲೆ ಬಂದಷ್ಟು ಸಿಟ್ಟು ಮೇಡಂ ಮೇಲೂ ಬರಲಿಲ್ಲ.

೧೬ ಮೇ, ಸೋಮವಾರ

ಬೆಳಿಗ್ಗೆ ಆರಕ್ಕೆ ಗುದ್ದಲಿ ಹಿಡಿದು ಹೋದೆ. ಹದಿನೆಂಟು ಜನ ತುಂಬಿದ್ದನ್ನು ಒಬ್ಬಳೇ ತೋಡಬೇಕು, ಎರಡು ದಿನದಲ್ಲಿ. ಮನೆ ಹೋದರೆ ಹೋಗಲಿ. ಮಗ್ಗವಿಲ್ಲದ ಮನೆಯಲ್ಲಿ ಕೂತು ಏನು ಗೋಡೆ ನೆಕ್ಕಲಾ?

ಒಂಬತ್ತರ ಹೊತ್ತಿಗೆ ಒಂದು ಮೂಲೆ ಮೊಣಕಾಲುದ್ದ ತೋಡಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಮುನಿತಾಯಮ್ಮ, ಕೈಯಲ್ಲಿ ಬಿದಿರು ಮಂಕರಿ.

"ನೋಡೋಕೆ ಬಂದ್ರಾ? ನೋಡಿ" ಅಂದೆ.

"ನಾನೇ ಹೇಳಿದ್ದು, ಹೌದು. ನನ್ ಮಗ ಮಲೀಕಬೇಕು ಅಂತ ಹೇಳ್ದೆ." ಮಂಕರಿ ಕೆಳಗಿಟ್ಟಳು. "ನಿನ್ನೆ ಮಣ್ಣು ಮಿಕ್ತು ಅಂತ ನನ್ನ ಹಿತ್ತಲಿಗೂ ನುಗ್ಗುದ್ರು. ಕೊಟ್ಟಿಗೆ ಕಂಬ ಕಿತ್ತಾಕಿ ಗಿಡ ನೆಟ್ಟವ್ರೆ. ಪಾರ್ಕಂತೆ. ಹಸ ಮನೆ ಹತ್ರ ಇರ್ಬಾರ್ದಂತೆ, ಸೊಳ್ಳೆ ಬತ್ತದಂತೆ. ಹಸ ಇಲ್ದೆ ನಾನೇನು ತಿನ್ಲಿ, ಆ ಗಿಡಾನಾ?"

ಒಳಗೊಳಗೆ ಚೆನ್ನಾಗಾಯಿತು ಅನ್ನಿಸಿತು. ಸುಳ್ಳು ಯಾಕೆ ಬರೀಲಿ.

"ನಿನ್ ಮಗ್ಗಕ್ಕೆ ಅಂತ ಬಂದಿಲ್ಲ ನಾನು. ಹಿತ್ತಲು ತಗ್ಗು, ಮಳೆ ಬಂದ್ರೆ ನೀರು ನಿಂತ್ಕತದೆ. ಕೊಟ್ಟಿಗೆ ಎತ್ತರಕ್ಕೆ ಮಾಡ್ಬೇಕು. ಮಣ್ಣು ನಂಗೆ ಬೇಕು."

"ತಗೊಂಡು ಹೋಗಿ. ಪುಕ್ಕಟೆ."

"ನೀ ಅಗಿ, ನಾ ಹೊರ್ತೀನಿ."

ಅಗೆದೆ. ಹೊತ್ತಳು. ಸಂಜೆವರೆಗೆ.

೧೭ ಮೇ

ಕೆಂಪರಾಜೂ ಬಂದ. ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಲ್ಲೇ ಹೊರುತ್ತಿದ್ದ. "ಹಗಲು ಎಲ್ಲಿ ಮಲಗ್ತೀಯಪ್ಪಾ?" ಅಂತ ಕೇಳಿದೆ. "ಕೊಟ್ಟಿಗೆ ಆಗ್ಲಿ, ಹಸುವಿನ ಪಕ್ದಲ್ಲೇ ಮಂಚ ಹಾಕೊಳ್ತೀನಿ ಬಿಡಕ್ಕ. ಅದು ಟಕ ಟಕ ಅನ್ನಲ್ಲ" ಅಂದ.

ಮಧ್ಯಾಹ್ನ ಇವರು. ಶೆಡ್ಡಿಗೆ ರಜಾ ಹಾಕಿ. ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡರು. "ಸೈನ್ ಹಾಕಿದ್ದು ನಾನು ತಾನೆ, ಕೇಳಿದ್ರೆ ನಾನೇ ಹೇಳ್ತೀನಿ" ಅಂದರು. ಮದುವೆಯಾದ ಹದಿನಾರು ವರ್ಷದಲ್ಲಿ ಮೊದಲ ಸಲ.

೧೮ ಮೇ

ಪಿಳ್ಳಣ್ಣ ತಗ್ಗಿನಲ್ಲೇ ಸಿಮೆಂಟ್ ಹಾಕಿ ಹೋದ. ಒಳಕ್ಕಿಳಿಯೋ ಮೆಟ್ಟಿಲು ಮಾತ್ರ ಭಾನುವಾರದ ಮೇಲೆ. ಸಾಮಾನು ಮುಗಿಯಿತಂತೆ.

೨೧ ಮೇ

ಎತ್ತಿನ ಗಾಡಿಯಲ್ಲಿ ಮಗ್ಗ ಬಂತು. ಇಡೀ ದಿನ ಜೋಡಿಸಿದೆವು. ಜಕಾರ್ಡ್ ಏರಿಸಿದಾಗ ಮೋಲ್ಡ್‌ಗೆ ನಾಲ್ಕು ಬೆರಳು ಉಳಿಯಿತು. ಹೊಸ ಹಾಸಿನ ಎಳೆಗಳನ್ನೂ ಕೂಡಿಸಿ ಕಟ್ಟಿದೆ. ಪಕ್ಕದ ಹಿತ್ತಲಲ್ಲಿ ಗಿಡಗಳೆಲ್ಲ ಬೇಲಿಗೆ ಹೋಗಿವೆ, ಹಸು ನಿಂತಿದೆ.

ನಾಳೆ ಹತ್ತಕ್ಕೆ ಫಂಕ್ಷನ್. ಬಚ್ಚಿಡೋಕೆ ಇದೇನು ಚಿನ್ನವೇ. ನೋಡಲಿ.

೨೨ ಮೇ, ಭಾನುವಾರ, ಒಂಬತ್ತೂ ಮುಕ್ಕಾಲು

ಮಗ್ಗದ ಮೇಲೆ ಕೂತೇ ಬರೀತಿದೀನಿ. ಭಯ ಇಲ್ಲ ಅಂದರೆ ಸುಳ್ಳು. ಬಾಗಿಲಿಗೆ ಬೀಗ ಬಿದ್ದಿಲ್ಲ, ಬೀಗದ ಕೈ ಇನ್ನೂ ಸ್ನೇಹ ಮೇಡಂ ಬ್ಯಾಗಿನಲ್ಲಿದೆ. ಇವತ್ತು ಮನೆ ಇಲ್ಲ ಅಂದರೆ ಒಂಬತ್ತು ದಿನಕ್ಕೆ ಬೀದಿ.

ಶಾಮಿಯಾನಾದಲ್ಲಿ ಮೈಕ್ ಟೆಸ್ಟಿಂಗ್. ವ್ಯಾನಿನ ಸದ್ದು. ಇವರು ಒಳಗೆ ಗೋಡೆಗೆ ಒರಗಿ ನಿಂತಿದ್ದಾರೆ. ಇಸ್ತ್ರಿ ಶರ್ಟು, ಆಗಲೇ ಬೆವೆತಿದೆ.

ಗೋಡೆಯಾಚೆಯಿಂದ ಮುನಿತಾಯಮ್ಮ. "ಬಂದ್ರು ಕಣಮ್ಮಿ, ನಿಮ್ಮನೆ ಕಡೀಕೇ ಬತ್ತಾವ್ರೆ. ಸುಮ್ಕೆ ಕೂರಬ್ಯಾಡ, ನೇಯ್ತಿರು."

ಹತ್ತು ಎಳೆ ಹೊಡೆದೆ. ಸದ್ದು ಚೆನ್ನಾಗಿ ಬರ್ತಿದೆ.

ಮುಚ್ಚಿದ ಬಾಗಿಲಾಚೆ ಜಗಲಿ ಮೇಲೆ ಚಪ್ಪಲಿ ಸದ್ದು, ಸ್ನೇಹ ಮೇಡಂ ದನಿ. "ಬನಶಂಕರಿಯವರೇ, ಕಣ್ಣು ಮುಚ್ಚಿಕೊಳ್ಳಿ, ಒಳಗೆ ಬರ್ತಿದೀನಿ." ಮತ್ತೆ ಏನೋ ಸರ್ಪ್ರೈಸ್ ಇರಬೇಕು. ಹೋದ ಭಾನುವಾರದ ಮೇಲೆ ಇತ್ತ ಬಂದಿಲ್ಲ, ತಾನು ಸಮ ಮಾಡಿಸಿದ ನೆಲ ಹಾಗೇ ಇದೆ ಅಂದುಕೊಂಡಿದ್ದಾಳೆ. ಹೊಸ್ತಿಲಾಚೆ ಮೆಟ್ಟಿಲಿಲ್ಲ, ಎರಡು ಅಡಿ ತಗ್ಗು. ನೋಡ್ಕೊಂಡು ಇಳೀರಿ ಅಂತ ಕೂಗಬೇಕು. ಇವರು ನನ್ನ ಮುಖವನ್ನೇ ನೋಡ್ತಿದಾರೆ, ಹೇಳು ಅಂತ. ನಾನು—