ಖಾಲಿ ಊರಿನಲ್ಲಿ ಒಬ್ಬರು

ಸದಾಶಿವನಗರ, ಬೆಳಗಾವಿ
೧೩ ಫೆಬ್ರವರಿ ೨೦೨೫

ಪ್ರಿಯ ಎತಿಯೆನ್,

ನಿನ್ನ ಡಿಸೆಂಬರಿನ ಪತ್ರ ಬಂದು ಬಹಳ ದಿನವಾಯಿತು. ಜಾಂಬೋಟಿಯಾಚೆಯ ಮನೆಯನ್ನು ಮಾರಿಬಿಡು, ಇನ್ನು ಫ್ರಾನ್ಸ್ ಬಿಟ್ಟು ಬರುವುದಿಲ್ಲ ಎಂದು ಬರೆದಿದ್ದೀಯ. ಮನೆ ನನ್ನ ಹೆಸರಿನಲ್ಲಿದೆ, ಹಾಗಾಗಿ ನನ್ನ ಸಹಿ ಬೇಕು. ಕಾರಣ ಒಂದೇ ಸಾಲು: ಅಕ್ಕನನ್ನು ನೋಡಿಕೊಳ್ಳಬೇಕು. ಬೆಳಗಾವಿಯ ಆಸ್ಪತ್ರೆ ಬಿಟ್ಟು ಆ ಊರಿಗೆ ಹೋದಾಗಲೂ ನೀನು ಒಂದೇ ಸಾಲು ಹೇಳಿದ್ದೆ, ಅಲ್ಲಿ ಡಾಕ್ಟರಿಲ್ಲ ಎಂದು. ನಾನು ಇಲ್ಲಿ ನನ್ನ ಲ್ಯಾಬಿನಲ್ಲಿ ಉಳಿದೆ. ಗಂಡ ಹೆಂಡತಿ ಬೇರೆಯಾದೆವೆಂದು ಯಾರೂ ಹೇಳಲಿಲ್ಲ. ನಾವೂ ಹೇಳಿಕೊಳ್ಳಲಿಲ್ಲ.

ಸಹಿಯ ಮಾತಿಗೆ ಮೊದಲು ಮಂಗಳವಾರದ ವಿಷಯ.

ಈ ವರ್ಷದ ಹೊರಬೀಡು ಅಂದೇ ಆಯಿತು. ಸೂರ್ಯ ಹುಟ್ಟುವ ಮೊದಲು ಊರಿಗೆ ಊರೇ ಒಲೆ ಆರಿಸಿ, ದನ, ಕೋಳಿ, ಹಾಸಿಗೆ ಹಿಡಿದ ಮುದುಕರ ಸಮೇತ ಗದ್ದೆಗೆ ಹೋಗುವುದು, ಖಾಲಿ ಓಣಿಗಳಲ್ಲಿ ದೇವಿ ತಿರುಗಾಡುವುದು, ಸಂಜೆ ಎಲ್ಲರೂ ಮರಳುವುದು: ನೀನು ಬರೆದ ಖಾನಾಪುರ ತಾಲೂಕಿನ ಇತಿಹಾಸದಲ್ಲಿ ಇದಕ್ಕೊಂದು ಅಧ್ಯಾಯವೇ ಇದೆ. ಪ್ಲೇಗಿಗೆ ಹೆದರಿ ಊರು ಬಿಟ್ಟವರ ನೆನಪು ಆಚರಣೆಯಾಗಿ ಉಳಿಯಿತೆಂದು ನಿನ್ನ ವಾದ. ದೇವಿಯ ಪೂಜೆ ಮಾಡುವ ಸಿದರಾಯ ಒಪ್ಪುತ್ತಿರಲಿಲ್ಲ. ದೇವಿ ಮೊದಲು, ಪ್ಲೇಗು ಆಮೇಲೆ ಅನ್ನುತ್ತಿದ್ದ. ರೋಗಿಗಳಿಗೂ ಶಾಸನದ ಕಲ್ಲುಗಳಿಗೂ ನೀನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಯಾವಾಗಿನಿಂದ?

ನೀನು ಬರೆದದ್ದರಲ್ಲೆಲ್ಲ ಆ ಅಧ್ಯಾಯವೇ ಚೆಂದ. ಖಾಲಿ ಊರನ್ನು ಒಳಗಿನಿಂದ ಕಂಡವನು ನೀನೊಬ್ಬನೇ. ಪ್ರತಿ ವರ್ಷ ನಿನ್ನನ್ನು ಮಾತ್ರ ಅವರು ಹೊರಡಿಸುತ್ತಿರಲಿಲ್ಲ. ಅದು ನಿನಗೆ ಸಿಕ್ಕ ಸಲಿಗೆಯೆಂದು ನೀನು ನಂಬಿದ್ದೆ. ಎರಡು ವರ್ಷದ ಹಿಂದೆ, ಸಿದರಾಯನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತ, ಯಾಕೆ ಹಾಗೆಂದು ನೀನು ಕೇಳಿದೆ. ಅವನು ನಕ್ಕು, “ಊರು ಖಾಲಿ ಆಗಬೇಕಂದ್ರ ಊರವರು ಹೋದ್ರ ಸಾಕಲ್ರಿ. ನಿಮ್ಮನ್ನ ಅದರಾಗ ಯಾಕ ಲೆಕ್ಕ ಹಿಡೀಬೇಕು?” ಎಂದನಂತೆ. ನೀನೂ ನಗುತ್ತಲೇ ಫೋನಿನಲ್ಲಿ ಹೇಳಿದೆ. ಮುಂದಿನ ತಿಂಗಳು ನಾನು ನಿನ್ನನ್ನು ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ನೀನು ಅಕ್ಕನ ಆರೋಗ್ಯದ ಬಗ್ಗೆಯೇ ಮಾತಾಡಿದೆ.

ಹೋದ ವಾರ ಸಿದರಾಯನ ತಾಯಿ ಪದ್ಮವ್ವ ಫೋನು ಮಾಡಿಸಿದಳು. ಡಾಕ್ಟರು ಇಲ್ಲದೆ ಇದು ಎರಡನೆಯ ಸಲ, ಮನೆ ಬೀಗ ಹಾಕಿಕೊಂಡು ನಿಂತರೆ ಸರಿ ಕಾಣುವುದಿಲ್ಲ, ನಾನಾದರೂ ಬರಬೇಕು ಎಂದಳು. ಬಂದು ಏನು ಮಾಡಲಿ ಎಂದು ಕೇಳಿದೆ. “ಒಳಗ ಕುಂದರ್ರಿ. ತಿರಿಗ್ಯಾಡಿ ದೇವಿಗೆ ಕಾಲು ನೋವು ಬಂದ್ರ ಗುಳಿಗಿ ಕೊಡಾಕ ಯಾರರ ಬೇಕಲ್ರಿ ಬಾಯಾರ” ಎಂದು ನಕ್ಕಳು. ಮಗ ಹೇಳಿದ್ದು ಒಂದು, ತಾಯಿ ಹೇಳುವುದು ಇನ್ನೊಂದು. ನನ್ನನ್ನು ಸಮಾಧಾನ ಮಾಡಲು ಹಾಗಂದಳೋ, ತಿಳಿಯಲಿಲ್ಲ.

ಹೋದೆ. ಅವರೆಲ್ಲ ಕತ್ತಲಲ್ಲೇ ಹೊರಟರು. ನಾನು ನಿನ್ನ ಕುರ್ಚಿಯಲ್ಲಿ, ನಿನ್ನ ಕಿಟಕಿಯ ಬಳಿ ಕುಳಿತೆ. ಬೆಳಕಾದಾಗ ಎದುರಿನ ಕೊಟ್ಟಿಗೆಯಲ್ಲಿ ದನವಿಲ್ಲದ ಗೂಟಗಳು ಕಂಡವು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನೀನು ಬರೆದಂಥ ಮೌನವೇ ಅದು, ಬೆಳಿಗ್ಗೆ.

ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ಹಳ್ಳದಾಚೆಯ ಗದ್ದೆಯಿಂದ ಅವರ ಮಾತು ಬಂತು. ಯಾರೋ ಮರಾಠಿಯಲ್ಲಿ ಸೊಸೆಯನ್ನು ಗದರುತ್ತಿದ್ದರು, ಯಾರೋ ಕೊಡ ಬಡಿದು ಹಾಡುತ್ತಿದ್ದರು, ಮಕ್ಕಳಿಗೆ ಉಣ್ಣಲು ಕರೆ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯೂ ಬಂತು. ಎಲ್ಲ ಸ್ಪಷ್ಟ, ಪಕ್ಕದ ಕೋಣೆಯಲ್ಲಿ ನಡೆದ ಹಾಗೆ.

ಇದನ್ನು ನೀನು ಎಲ್ಲಿಯೂ ಬರೆದಿಲ್ಲ, ಎತಿಯೆನ್. ಅಷ್ಟು ವರ್ಷ ಅವರ ಊಟದ ಸದ್ದು ಕೇಳುತ್ತ ಕುಳಿತು, ಸಂಜೆ ದೀಪ ಹಚ್ಚಿ, ಊರಿನಲ್ಲಿ ಸದ್ದೇ ಇರಲಿಲ್ಲ ಎಂದು ಬರೆದೆ.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಈಗಲೂ ಗೊತ್ತಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಓಣಿ ದಾಟಿ, ಹಳ್ಳ ದಾಟಿ, ಗದ್ದೆಯ ಬದುವಿನ ಮೇಲೆ ನಿಂತೆ. ಇಬ್ಬರು ಹೆಂಗಸರು ಸರಿದು ಜಾಗ ಬಿಟ್ಟರು. ಪದ್ಮವ್ವ ತಾಟು ಮುಂದಿಟ್ಟು, “ಇಷ್ಟೊತ್ತೇನ್ರಿ? ಅನ್ನ ಆರಿ ಹೋತು” ಎಂದಳು.

ಉಂಡ ಮೇಲೆ ಅವಳನ್ನು ಕೇಳಿದೆ, ಡಾಕ್ಟರೂ ಹೀಗೆ ಎದ್ದು ಬಂದಿದ್ದರೆ ಬೇಡ ಅನ್ನುತ್ತಿದ್ದಿರಾ ಎಂದು. ಪದ್ಮವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. “ಯಾರು ಬ್ಯಾಡ ಅಂತಾರ? ಅವರು ಬರಿಯಾಕತ್ತಿರತಿದ್ರು. ನಡುವ ಎಬ್ಬಸಬಾರದಂತ ಬಿಟ್ಟಿದ್ವಿ.”

ಸಿದರಾಯ ಪಕ್ಕದಲ್ಲೇ ಇದ್ದ. ತಾಟಿನಲ್ಲಿ ಬೆರಳಾಡಿಸುತ್ತ ಕುಳಿತನೇ ಹೊರತು ತಲೆ ಎತ್ತಲಿಲ್ಲ.

ಯಾವ ಮಾತು ನಿಜವೆಂದು ಇತಿಹಾಸಕಾರ ನೀನೇ ನಿರ್ಧರಿಸು. ನಾನು ಕಾಗದಕ್ಕೆ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ. ಕರೆಯದೆ ಇರುವುದನ್ನು ನಾವಿಬ್ಬರೂ ಆ ಊರಿನವರಿಗಿಂತ ಚೆನ್ನಾಗಿಯೇ ಕಲಿತಿದ್ದೇವೆ. ಆದರೆ ಆ ಬದುವಿನವರೆಗೆ ದಾರಿ ತುಂಬ ಹತ್ತಿರ. ನಾನು ನಡೆದು ನೋಡಿದ್ದೇನೆ.

ಇಂತು,
ವರದಾ

ಮರೆತ ಮಾತು: ಅಲ್ಲಿ ನೀನು ಯಾರ ಜೊತೆ ಉಣ್ಣುತ್ತೀಯೆಂದು ಪದ್ಮವ್ವ ಕೇಳಿದಳು. ಅಕ್ಕನ ಜೊತೆ ಎಂದೆ. ನಿನ್ನ ಅಕ್ಕ ಅಕ್ಟೋಬರಿನಲ್ಲೇ ತೀರಿಕೊಂಡದ್ದನ್ನು ಅವರ ಮಗಳು ನನಗೆ ಆಗಲೇ ತಿಳಿಸಿದ್ದಳು. ನೀನು ಹೇಳುತ್ತೀಯೆಂದು ಕಾಯುತ್ತಿದ್ದೆ.